ಬೂಷ್ಟಿನ ವ್ಯಾಪಾರ

ಹಿಂಡಿ-ಬೂಸಾ ಅಂಗಡಿಯ ಗಲ್ಲಾದ ಹಿಂದೆ ಕೂತವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಮೊಪೆಡ್ ಹತ್ತಿ, ಕಂಕುಳಲ್ಲಿ ಖಾಲಿ ಚೀಲ ಇಟ್ಟುಕೊಂಡು, ಸರಿಯಾಗಿ ನಾನು ಊಟಕ್ಕೆ ಏಳುವ ಹೊತ್ತಿಗೆ ಬಂದು ನಿಲ್ಲುತ್ತದೆ. ಮೂವತ್ತು ವರ್ಷದಿಂದ ಹೀಗೇ ಬರುತ್ತಿದೆ. ಮೊದಮೊದಲು ಬಂದವರ ಎದುರಿಗೇ ನಗುತ್ತಿದ್ದೆ. ಈಗ ಅಷ್ಟು ಶಕ್ತಿ ಇಲ್ಲ. ಕೂರಿಸಿ, ಏನಾಯಿತು ಹೇಳಪ್ಪ ಅಂತ ಕೇಳಿ, ಮನೆಗೆ ಹೋಗಿ ಮುದ್ದೆ ಮುರಿಯುವಾಗ ಬೇಕಾದರೆ ಸ್ವಲ್ಪ ನಗುತ್ತೇನೆ.

ಅಂಗಡಿ ಇರುವುದು ಮುಳಬಾಗಿಲಿನಲ್ಲಿ. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಬೂಸಾ, ತೌಡು, ಇಷ್ಟೇ ನನ್ನ ಪ್ರಪಂಚವಾಗಿತ್ತು. ಎರಡು ವರ್ಷದ ಹಿಂದೆ ಅದಕ್ಕೆ ಬೂಷ್ಟು ಸೇರಿಕೊಂಡಿತು. ಸೇರಿಸಿದವಳು ನನ್ನ ಮಗಳು. ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಓದಿಕೊಂಡವಳು. ಮಾಲೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಐದು ವರ್ಷ ಕೆಲಸ ಮಾಡಿ, ಒಂದು ದಿನ ಅಂಗಡಿಗೆ ಬಂದು ಕೂತು ಹೇಳಿದಳು.

"ಅಪ್ಪ, ಶ್ರೀನಿವಾಸಪುರದ ಮಾವಿನ ಪಲ್ಪ್ ಫ್ಯಾಕ್ಟರಿಯವರು ಸಿಪ್ಪೆ, ನಾರು ಸುರಿಯೋಕೆ ಜಾಗ ಇಲ್ಲದೆ ಒದ್ದಾಡ್ತಿದಾರೆ. ಅದರ ಮೇಲೆ ತಿನ್ನೋ ಜಾತಿಯ ಬೂಷ್ಟು ಬೆಳೆಸಬಹುದು. ಅಣಬೆ ಕುಲದ್ದೇ ಅದು. ಒಣಗಿಸಿ ಪುಡಿ ಮಾಡಿದ್ರೆ ಹಸುಗೆ ಹಿಂಡಿಯಷ್ಟೇ ಸತ್ವ."

"ನೀನು ಓದಿದೀಯ ಸರಿ, ಹಸು ಓದಿದೆಯೇನಮ್ಮಾ?" ಅಂದೆ.

ಆದರೂ ಶ್ರೀನಿವಾಸಪುರದ ರಸ್ತೆಯಲ್ಲಿ ನನ್ನದೊಂದು ಶೆಡ್ಡು ಇತ್ತು, ಬಿಟ್ಟುಕೊಟ್ಟೆ. ಒಂದು ಷರತ್ತು ಹಾಕಿದೆ. ಎರಡು ಮಾವಿನ ಕಾಲ ಕಳೆಯುವುದರೊಳಗೆ ಯಾವುದಾದರೂ ಒಂದು ಊರಿನ ಹಾಲಿನ ಡೈರಿಯವರು ಈ ಮೇವನ್ನು ಒಪ್ಪಬೇಕು. ಒಪ್ಪದಿದ್ದರೆ ಶೆಡ್ಡು ಟೊಮೆಟೊ ಕ್ರೇಟು ಇಡುವವನಿಗೆ. ಆ ಕ್ರೇಟಿನ ಮನುಷ್ಯ ವಾರಕ್ಕೊಮ್ಮೆ ಬಂದು, ಮಾತು ನನ್ನ ಹತ್ತಿರ ಆಡುತ್ತಾ, ಶೆಡ್ಡಿನ ಉದ್ದಗಲ ಕಣ್ಣಲ್ಲೇ ಅಳೆದು ಹೋಗುತ್ತಿದ್ದ. ಮಗಳು ಅವನಿಗೆ ಕಾಫಿ ಕೂಡ ಕೇಳುತ್ತಿರಲಿಲ್ಲ.

ಹಿಟ್ಟಲ್ಲ, ಬೂಷ್ಟು

ಹಿಂಡಿ ವ್ಯಾಪಾರಿಗೆ ಬೂಷ್ಟು ಅಂದರೆ ಶತ್ರು. ಮಳೆಗಾಲದಲ್ಲಿ ಚೀಲ ಒಂದಿಷ್ಟು ತೇವ ಕುಡಿದರೆ ಸಾಕು, ಹಿಂಡಿಯ ಮೇಲೆ ಬೆಳ್ಳಗೆ ಕೂತುಬಿಡುತ್ತದೆ. ಗಿರಾಕಿ ಚೀಲ ವಾಪಸು ತರುತ್ತಾನೆ. "ಅಣ್ಣ, ಇದು ಬೂಷ್ಟು" ಅನ್ನುತ್ತಾನೆ. ನಾನು ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, "ಬೂಷ್ಟಲ್ಲಪ್ಪ, ಇದು ಹಿಟ್ಟು" ಅನ್ನುತ್ತೇನೆ. ಮೂವತ್ತು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ. ನಿದ್ದೆಯಲ್ಲೂ ಹೇಳಿದ್ದೇನೆ ಅಂತ ನನ್ನ ಹೆಂಡತಿಯ ದೂರು.

ಮಗಳ ಶೆಡ್ಡಿನ ಮೊದಲ ಮೂಟೆ ಅಂಗಡಿಗೆ ಬಂದಾಗ, ಮಾಸ್ತಿ ಕಡೆಯ ಒಬ್ಬ ಹಳೇ ಗಿರಾಕಿ ಎದುರಿಗೇ ನಿಂತಿದ್ದ. ಬಿಳಿ ಪುಡಿಯನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದ.

"ಏನಣ್ಣ ಇದು, ಹಿಟ್ಟಾ?"

"ಹಿಟ್ಟಲ್ಲಪ್ಪ, ಬೂಷ್ಟು" ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಇಷ್ಟು ವರ್ಷದಲ್ಲಿ ನಾನು ಅವನಿಗೆ ನಿಜ ಹೇಳಿದ್ದು ಅದೇ ಮೊದಲು ಅನ್ನುವ ಹಾಗಿತ್ತು ಆ ನೋಟ. ನಾನು ಎಲ್ಲಾ ವಿವರಿಸಿದೆ. ಇದು ಬೇಕಂತಲೇ ಬೆಳೆಸಿದ್ದು, ಶುದ್ಧ ಜಾತಿ, ಹಿಂಡಿಯ ಮೇಲೆ ತಾನಾಗಿ ಬರೋ ಬೂಷ್ಟು ವಿಷ, ಅದನ್ನು ಹಸು ಮೂಸಲೂ ಬಾರದು, ಇದು ಅಮೃತ, ಅಂತೆಲ್ಲ. ತಲೆ ಆಡಿಸುತ್ತಾ ಕೇಳಿಸಿಕೊಂಡ. ಒಂದು ಹಿಡಿಯನ್ನೂ ಕೊಳ್ಳದೆ ಹೋದ.

ಮಾರನೇ ದಿನ ಮೊಪೆಡ್ಡಿನ ಹಿಂದೆ ಒಂದು ಚೀಲ ಕಟ್ಟಿಕೊಂಡು ಬಂದ. ಬಿಚ್ಚಿದ. ಹೋದ ವರ್ಷ ನಾನೇ ಮಾರಿದ್ದ ಕಡಲೆಕಾಯಿ ಹಿಂಡಿ. ಅಂಚಿನಿಂದ ಅಂಚಿಗೆ ಹತ್ತಿ ಅರಳಿದ ಹಾಗೆ ಬಿಳುಪು.

"ಏನಿದು?" ಅಂದೆ.

"ನಮ್ಮ ಮನೇಲೂ ಬೆಳೆದಿದೆ ಅಣ್ಣ. ಹೋದ ವರ್ಷ ನೀವು ಹಿಟ್ಟು ಅಂದ್ರಿ, ವಾಪಸ್ ತಗೊಂಡು ಹೋದೆ. ಈಗ ನಿಮಗೇ ಬೇಕಾಗಿದೆ ಅಂತ ಗೊತ್ತಾಯ್ತು. ಶೆಡ್ಡಿಗೆ ಹಾಕ್ಲಾ, ಇಲ್ಲೇ ಇಳಿಸ್ಲಾ?"

ಮುತ್ತೈದೆ ಸಾವು

ಮಾವಿನ ಕಾಲ ಮುಗಿದ ಮೇಲೆ ಶೆಡ್ಡು ನಿಲ್ಲಬಾರದು ಅಂತ, ಮಾಲೂರಿನ ಒಂದು ಬಿಸ್ಕತ್ತು ಕಾರ್ಖಾನೆಯವರು ಬಿಸಾಡುವ ಹಿಟ್ಟು-ಚೂರು ತರಿಸಿದೆವು. ಅದನ್ನು ಬೇಯಿಸಿ ಅಗಲವಾದ ಸ್ಟೀಲ್ ತಟ್ಟೆಗಳಲ್ಲಿ ಹರಡಿ, ಬಿತ್ತನೆ ಹಾಕಿ, ಕಬ್ಬಿಣದ ರ‍್ಯಾಕುಗಳಲ್ಲಿ ಜೋಡಿಸಿಡುವುದು. ನಾಲ್ಕು ದಿನಕ್ಕೆ ತಟ್ಟೆಯ ತುಂಬಾ ಬಿಳಿ ಕಂಬಳಿ ಹೊದೆಸಿದ ಹಾಗೆ ಬೆಳೆಯುತ್ತದೆ. ಒಳಗೆ ಹೋಗುವವರು ಕಾಲು ತೊಳೆಯಬೇಕು, ತಲೆಗೆ ಟೋಪಿ ಹಾಕಬೇಕು, ಏನನ್ನೂ ಮುಟ್ಟಬಾರದು. ದೇವರ ಗರ್ಭಗುಡಿಗೂ ಇಷ್ಟು ಕಟ್ಟುನಿಟ್ಟಿಲ್ಲ.

ಆಯುಧಪೂಜೆ ಬಂತು. ಮಗಳು ಅತ್ತೆಮನೆಗೆ ಅಂತ ಕೋಲಾರಕ್ಕೆ ಹೋದಳು. ಹೋಗುವಾಗ ನಮ್ಮ ಮೇಸ್ತ್ರಿಗೆ, "ಶೆಡ್ಡು ಕ್ಲೀನಾಗಿರಲಿ, ಪೂಜೆ ಚೆನ್ನಾಗಿ ಮಾಡಿ" ಅಂತ ಹೇಳಿದಳು. ಮೇಸ್ತ್ರಿ ಇಪ್ಪತ್ತು ವರ್ಷದಿಂದ ನನ್ನ ಗೋಡೌನ್ ನೋಡಿಕೊಂಡವನು. ಕ್ಲೀನು ಅಂದರೆ ಕ್ಲೀನು. ಕೆಲಸದ ಹೆಂಗಸನ್ನು ಕರೆದು, ಮುಂದಿನ ಸಾಲಿನ ತಟ್ಟೆಗಳನ್ನೆಲ್ಲಾ ಹೊರಗೆ ಹಾಕಿಸಿ, ಸೋಪುಪುಡಿ ಹಾಕಿ ಗಸಗಸ ತಿಕ್ಕಿಸಿಬಿಟ್ಟ.

ನಾನು ಹೋಗುವ ಹೊತ್ತಿಗೆ ತಟ್ಟೆಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

"ಏನಯ್ಯಾ ಇದು?"

"ಬೂಷ್ಟು ಹಿಡಿದಿದ್ವು ಸಾವ್ಕಾರ್ರೇ. ನಾಳೆ ಪೂಜೆ. ಬೂಷ್ಟು ಹಿಡಿದ ಪಾತ್ರೆ ಎದುರಿಗೆ ಇಟ್ಕೊಂಡು ದೇವರಿಗೆ ಕೈ ಮುಗಿಯೋಕಾಗ್ತದಾ?"

ಬೈದೆ. ಬೈದು ಪ್ರಯೋಜನವಿಲ್ಲ, ತೊಳೆದದ್ದು ತೊಳೆದಾಯಿತು. ಹಿಂದಿನ ಸಾಲು ಉಳಿದಿತ್ತಲ್ಲ, ಅದನ್ನಾದರೂ ಉಳಿಸೋಣ ಅಂತ ಬೀಗ ಹಾಕಿಸಿದೆ. ಮಾರನೇ ದಿನ ಪೂಜೆಯ ಹೊತ್ತಿಗೆ ಬೀಗ ತೆಗೆದೆವು. ಲಾರಿಗೆ, ತಕ್ಕಡಿಗೆ, ಪುಡಿ ಮಾಡುವ ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟೆ. ತಟ್ಟೆಗಳ ಹತ್ತಿರ ಬಂದಾಗ ಕೈ ಸುಮ್ಮನಿರಲಿಲ್ಲ. ಅನ್ನ ಕೊಡಬೇಕಾದದ್ದು ಅದೇ ತಾನೆ, ಅದಕ್ಕೇ ಬಿಟ್ಟರೆ ಹೇಗೆ? ಒಂದೊಂದು ತಟ್ಟೆಗೂ ನನ್ನ ಕೈಯಾರೆ ಅರಿಶಿನ ಹಾಕಿ, ಮೇಲೆ ಕುಂಕುಮ ಇಟ್ಟು, ಸಾಂಬ್ರಾಣಿ ಹೊಗೆ ಹಿಡಿದು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದೆ.

ಮೂರನೇ ದಿನ ಮಗಳು ಬಂದಳು. ಹಿಂದಿನ ಸಾಲಿನ ಬಿಳಿ ಕಂಬಳಿ ಕಂದಿ, ಕುಗ್ಗಿ, ನೀರು ಬಿಟ್ಟುಕೊಂಡು ಕೂತಿತ್ತು. ಅವಳು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು.

"ಅಪ್ಪ, ಉಪ್ಪಿನಕಾಯಿಗೆ ಅಮ್ಮ ಅರಿಶಿನ ಯಾಕೆ ಹಾಕ್ತಾಳೆ?"

"ಬೂಷ್ಟು ಬರದೇ ಇರ್ಲಿ ಅಂತ."

"ಗೊತ್ತಿತ್ತಲ್ಲ."

ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತೆ. ಮೇಸ್ತ್ರಿಗೆ ಅವಳ ಮುಖ ನೋಡಿ ಕನಿಕರ ಬಂತು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಸಮಾಧಾನ ಹೇಳಿದ.

"ಹೋಗ್ಲಿ ಬಿಡು ತಾಯಿ, ಯೋಚನೆ ಮಾಡಬೇಡ. ಅರಿಶಿನ ಕುಂಕುಮ ಇಟ್ಕೊಂಡೇ ಹೋಗಿದಾವೆ. ಮುತ್ತೈದೆ ಸಾವು."

ಬಾಯಾಡಿಸುವ ಸಾಕ್ಷಿ

ಎರಡನೇ ವರ್ಷ ಶ್ರೀನಿವಾಸಪುರದ ಸಿಪ್ಪೆ ಸಾಲದೆ, ಆಂಧ್ರದ ಕಡೆಯ ಇನ್ನೊಂದು ಪಲ್ಪ್ ಫ್ಯಾಕ್ಟರಿಯಿಂದ ಒಂದು ಲಾರಿ ತರಿಸಿದೆವು. ಬಿಸಿಲು, ಮಾವು, ಡ್ರಮ್ಮು. ಈ ಮೂರು ಸೇರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಲಾರಿ ಗಡಿಯ ನಂಗಲಿ ತಲುಪುವ ಹೊತ್ತಿಗೆ ಅದರ ವಾಸನೆ ಲಾರಿಗಿಂತ ಮುಂದೆ ಹೋಗುತ್ತಿತ್ತಂತೆ. ರಸ್ತೆಯಲ್ಲಿ ತಪಾಸಣೆಗೆ ನಿಂತಿದ್ದ ಒಬ್ಬ ಅಧಿಕಾರಿ ಕೈ ಅಡ್ಡ ಹಾಕಿದರು. ಡ್ರೈವರ್ ನನಗೆ ಫೋನು ಮಾಡಿದ. ನಾನು ಬೈಕಲ್ಲಿ ಹೋದೆ.

"ಏನ್ರೀ ಇದು?" ಅಂದರು ಅಧಿಕಾರಿ.

"ಫ್ಯಾಕ್ಟರಿ ಕಸ ಸಾರ್."

"ಕಸ ಸಾಗಿಸೋಕೆ ಪರ್ಮಿಟ್ ಎಲ್ಲಿ?"

"ಕಸ ಅಂದ್ರೆ ಪೂರ್ತಿ ಕಸ ಅಲ್ಲ ಸಾರ್. ಮುಂದಕ್ಕೆ ಇದು ಹಸು ಮೇವು."

"ಮೇವಿಗೆ ಲೈಸೆನ್ಸ್?"

"ಈಗಲೇ ಮೇವಲ್ಲ ಸಾರ್. ಇದರ ಮೇಲೆ ಅಣಬೆ ಥರದ್ದು ಬೆಳೆಸ್ತೀವಿ, ಆಮೇಲೆ ಮೇವು."

"ಕಸನೂ ಅಲ್ಲ, ಮೇವೂ ಅಲ್ಲ, ಅಣಬೆನೂ ಅಲ್ಲ. ವಾಸನೆ ನೋಡಿದ್ರೆ ಹೆಂಡ." ಅವರು ಡ್ರಮ್ಮಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಅನುಭವಸ್ಥರ ಹಾಗೆ ಎಳೆದುಕೊಂಡರು. "ಹೆಂಡಾನೇ."

ಅಷ್ಟರಲ್ಲಿ ಡ್ರೈವರ್, "ಸಾರು, ಇದಿ ಚೂಡಂಡಿ" ಅಂತ, ಇಲ್ಲಿ ನೋಡಿ ಅಂತ ತೆಲುಗಿನಲ್ಲಿ ಕರೆದ. ಲಾರಿಯ ಹಿಂದೆ ಒಂದು ಡ್ರಮ್ಮು ಸೋರುತ್ತಿತ್ತು. ಯಾರದೋ ಬೀದಿ ಹಸು ಬಂದು, ರಸ್ತೆಗೆ ಬಿದ್ದ ಸಿಪ್ಪೆಯನ್ನೆಲ್ಲಾ ನೆಕ್ಕಿ ತಿಂದು, ಇನ್ನಷ್ಟು ಬೀಳಲಿ ಅಂತ ಕಾಯುತ್ತಿತ್ತು.

ಅಧಿಕಾರಿಗಳಿಗೆ ಒಂದು ಉಪಾಯ ಹೊಳೆಯಿತು. "ಸರಿ. ಹತ್ತು ನಿಮಿಷ ನೋಡೋಣ. ಹಸು ಓಲಾಡಿದ್ರೆ ಕೇಸು. ಓಲಾಡದೇ ಇದ್ರೆ ನಿಮ್ಮ ದಾರಿ ನಿಮಗೆ."

ಹೆದ್ದಾರಿಯ ಪಕ್ಕ ನಾಲ್ಕು ಜನ, ನಾನು, ಅವರು, ಡ್ರೈವರ್, ಒಬ್ಬ ಕಾನ್‌ಸ್ಟೇಬಲ್, ಒಂದು ಹಸುವಿನ ನಾಲ್ಕು ಕಾಲು ನೋಡುತ್ತಾ ನಿಂತೆವು. ಹೋಗುವ ಬಸ್ಸಿನವರೆಲ್ಲಾ ಕತ್ತು ಹೊರಗೆ ಹಾಕಿ ನೋಡಿದರು. ಐದು ನಿಮಿಷಕ್ಕೆ ಹಸು ಮೆಲ್ಲಗೆ ಮಂಡಿಯೂರಿ ಮಲಗಿತು.

"ಬಿತ್ತು" ಅಂದರು ಅಧಿಕಾರಿ.

"ಬಿದ್ದಿಲ್ಲ ಸಾರ್, ಮಲಗಿದೆ. ಹೊಟ್ಟೆ ತುಂಬಿದ ಹಸು ಮಲಗ್ತದೆ."

"ಕುಡಿದವರೂ ಹಿಂಗೇ ಹೇಳ್ತಾರೆ."

ಅವರು ಹಸುವಿನ ಎದುರು ಕುಕ್ಕರುಗಾಲಲ್ಲಿ ಕೂತು, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಅದು ಮೆಲುಕು ಹಾಕುತ್ತಾ ಅವರನ್ನು ನೋಡಿತು. ಹತ್ತು ನಿಮಿಷ ಕಳೆದು ಹದಿನೈದಾಯಿತು. ಕೊನೆಗೆ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, ಲಾರಿಗೆ ಹೋಗು ಅಂತ ಕೈ ಮಾಡಿದರು.

"ನನ್ನ ಸರ್ವೀಸಲ್ಲಿ ನೋಡಿದ ಸಾಕ್ಷಿಗಳೆಲ್ಲಾ ಹಿಂಗೇ ಕಣ್ರೀ" ಅಂದರು. "ಎದುರಿಗೆ ಕೂತು ಬಾಯಿ ಆಡಿಸ್ತಾನೇ ಇರ್ತಾರೆ. ಒಂದು ಮಾತೂ ಹೇಳಲ್ಲ."

ದೋಸೆ ನಿಲ್ಲುವ ಮಾತು

ಮುಳಬಾಗಿಲಿನಲ್ಲೇ ಒಬ್ಬ ಅರ್ಚಕರಿದ್ದಾರೆ. ಎರಡು ಹಸು ಕಟ್ಟಿದ್ದಾರೆ. ನನ್ನ ಹಳೇ ಗಿರಾಕಿ, ಒಳ್ಳೇ ಮನುಷ್ಯರು. ಮಗಳ ಮೇವಿನ ಸುದ್ದಿ ಕೇಳಿ ತಾವಾಗಿ ಅಂಗಡಿಗೆ ಬಂದರು.

"ಸಾವ್ಕಾರ್ರೇ, ನಾವು ಅಣಬೆ ತಿನ್ನೋದಿಲ್ಲ. ನಿಮಗೆ ಗೊತ್ತು."

"ಕೊಡ್ತಿರೋದು ಹಸುಗೆ ಸ್ವಾಮಿ, ನಿಮಗಲ್ಲ."

"ಹಸು ತಿಂದರೆ ಅದರ ಹಾಲಾಗುತ್ತೆ. ಹಾಲು ನಾವು ಕುಡೀತೀವಿ. ಅಭಿಷೇಕಕ್ಕೂ ಅದೇ."

"ಸ್ವಾಮಿ, ನಿಮ್ಮ ಕರೀ ಹಸು ನಿನ್ನೆ ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ ಪೋಸ್ಟರ್ ಕಿತ್ತು ತಿಂತಿತ್ತು. ನಾನೇ ನೋಡಿದೆ. ಅದರ ಹಾಲಿಗೆ ಏನ್ ಮಾಡಿದ್ರಿ?"

ಅವರು ಸ್ವಲ್ಪ ಯೋಚನೆ ಮಾಡಿದರು. "ಪೋಸ್ಟರಿಗೆ ಹಾಕೋದು ಮೈದಾ ಅಂಟು. ದೋಷವಿಲ್ಲ."

ಮಗಳು ಪಕ್ಕದಲ್ಲೇ ಇದ್ದಳು. ನಾನು ಸನ್ನೆ ಮಾಡಿದೆ, ನೋಡಲಿಲ್ಲ. ತಿಳಿದವರಿಗೆ ಇದೊಂದು ರೋಗ, ತಿಳಿಸಿಯೇ ತೀರಬೇಕು. "ಸ್ವಾಮಿ, ನೀವು ಅಂದುಕೊಂಡ ಹಾಗೆ ಇದು ಕೊಡೆ ಬಿಡೋ ಅಣಬೆ ಅಲ್ಲ. ಇಂಥ ಸೂಕ್ಷ್ಮಜೀವಿಗಳು ನಮ್ಮೆಲ್ಲರ ಅಡುಗೆಮನೆಯಲ್ಲೂ ಇದಾವೆ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಿಗ್ಗೆ ಉಬ್ಬುತ್ತಲ್ಲ, ಅದರಲ್ಲೂ ಇದರ ದಾಯಾದಿಗಳು..."

ಅರ್ಚಕರು ತಟ್ಟನೆ ಕೈ ಎತ್ತಿದರು.

"ಇಷ್ಟಕ್ಕೇ ನಿಲ್ಲಿಸಮ್ಮ. ಎರಡು ಮೂಟೆ ಕಳಿಸಿಬಿಡು, ತಗೋತೀನಿ. ಇನ್ನೊಂದು ಮಾತು ಆಡಿದರೆ ನಮ್ಮ ಮನೆಯಲ್ಲಿ ನಾಳೆಯಿಂದ ದೋಸೆ ನಿಲ್ಲುತ್ತೆ."

ಕರೆಯದ ಪ್ರಾಣಿ

ಎರಡು ಮೂಟೆಯಿಂದ ಶೆಡ್ಡು ಉಳಿಯುವುದಿಲ್ಲ. ಎರಡನೇ ಮಾವಿನ ಕಾಲ ಮುಗಿಯುತ್ತಾ ಬಂದಿತ್ತು. ಕ್ರೇಟಿನ ಮನುಷ್ಯ ಈಗ ಕಣ್ಣಲ್ಲಿ ಅಳೆಯುವುದು ಬಿಟ್ಟು ಟೇಪು ತಂದಿದ್ದ. ಕೊನೆಗೆ ಟೇಕಲ್ ಹತ್ತಿರದ ಒಂದು ಊರಿನ ಡೈರಿ ಸೆಕ್ರೆಟರಿ, "ಒಂದ್ಸಲ ಬಂದು ಜನಕ್ಕೆ ಹೇಳಿ, ನೋಡೋಣ" ಅಂದರು. ಆ ಸೆಕ್ರೆಟರಿ ಹಾಲಿನ ಡಿಗ್ರಿ ನೋಡುವ ಗಾಜಿನ ಕಡ್ಡಿಯನ್ನು ಪೆನ್ನಿನ ಹಾಗೆ ಶರ್ಟಿನ ಜೇಬಲ್ಲೇ ಇಟ್ಟುಕೊಂಡಿರುವ ಮನುಷ್ಯ. ಊರಿನವರ ಹಾಲಿನಲ್ಲಿ ನೀರು ಹಿಡಿದು ಹಿಡಿದು ಮುಖವೆಲ್ಲಾ ಬತ್ತಿಹೋಗಿತ್ತು.

ಡೈರಿಯ ಮುಂದೆ ಜನ ಸೇರಿದರು. ಮಗಳು ಅರ್ಧ ಗಂಟೆ ವಿವರಿಸಿದಳು. ಯಾರೂ ಕದಲಲಿಲ್ಲ. ಎಲ್ಲರ ಮುಖದಲ್ಲೂ ಒಂದೇ ಪ್ರಶ್ನೆ: ಬೂಷ್ಟು ತಿಂದು ಹಸು ಸತ್ತರೆ?

ವ್ಯಾಪಾರದಲ್ಲಿ ಮಾತು ಮುಗಿದ ಮೇಲೆ ಉಳಿಯುವುದು ಬಾಯಿ ಒಂದೇ. ನಾನು ಎದ್ದು, ಮೂಟೆಗೆ ಕೈ ಹಾಕಿ, ಒಂದು ಹಿಡಿ ಪುಡಿ ತೆಗೆದು ಬಾಯಿಗೆ ಹಾಕಿಕೊಂಡೆ. ಅಗಿದೆ. ಮರದಪುಡಿಗೆ ಮಾವಿನಕಾಯಿ ಹುಳಿ ಹಿಂಡಿದ ಹಾಗಿತ್ತು. ಮುಖ ಕಿವುಚದೆ ನುಂಗಿ, ನೀರು ಕುಡಿದೆ.

"ನೋಡಿ. ಮನುಷ್ಯರೇ ತಿನ್ನಬಹುದು. ಅಣಬೆ ಸಾರು ಉಂಡವರಿಗೆ ಇದರ ರುಚಿ ಗೊತ್ತಾಗ್ತದೆ. ಹಸುಗೆ ಏನಾಗ್ತದೆ?"

ಜನದಲ್ಲಿ ಸ್ವಲ್ಪ ಸದ್ದಾಯಿತು. ಮುಂದೆ ಕೂತಿದ್ದ ಒಬ್ಬ ಅಜ್ಜಿ, ಊರ ಹೆಂಗಸರಿಗೆಲ್ಲಾ ಮುಂದಾಳು, ನನ್ನ ಬಾಯಿಯನ್ನೇ ಗಮನವಿಟ್ಟು ನೋಡಿದಳು. ಅವಳು ಯಾಕೆ ಹಾಗೆ ನೋಡಿದಳು ಅಂತ ನನಗೆ ಆವತ್ತು ಅರ್ಥವಾಗಲಿಲ್ಲ. ಹಿಂದೆ ಗೋಡೆಗೆ ಒರಗಿದ್ದ ತಾತನೊಬ್ಬ ಬೀಡಿ ತೆಗೆದು ಹೇಳಿದ.

"ನೀನು ತಿಂದಿದ್ದು ಸರಿ ಕಣಪ್ಪ. ಬದುಕಿದೀಯ, ಅದೂ ಸರಿ. ಆದ್ರೆ ನಿನ್ನನ್ನ ಸಾಯಂಕಾಲ ಯಾರೂ ಚೊಂಬು ಹಿಡ್ಕೊಂಡು ಕರೆಯೋಕೆ ಕೂರಲ್ಲವಲ್ಲ."

ಆದರೂ ಹತ್ತು ಮನೆಯವರು ಒಪ್ಪಿದರು.

ನಮ್ಮದು ಯಾವ ಮೂಟೆ

ಒಪ್ಪಂದ ಹೀಗಿತ್ತು. ಹತ್ತು ಮನೆಗೆ ಒಂದೊಂದು ಸಣ್ಣ ಮೂಟೆ ಪುಕ್ಕಟೆ. ಬೂಸಾದ ಜೊತೆ ದಿನಕ್ಕೆ ಎರಡು ಹಿಡಿ, ಒಂದು ತಿಂಗಳು. ಆ ಹತ್ತು ಮನೆಯ ಹಾಲನ್ನು ಮಾತ್ರ ದಿನಾ ಬೆಳಿಗ್ಗೆ ಬೇರೆಯಾಗಿ ತೆಗೆದುಕೊಂಡು, ಸೆಕ್ರೆಟರಿಯವರು ತಾವೇ ಮೆಷಿನ್ನಿಗೆ ಹಾಕಿ ಫ್ಯಾಟು, ಡಿಗ್ರಿ ಬರೆದಿಡಬೇಕು. ಹಾಲು ಮೊದಲಿನ ಹಾಗೇ ಇದ್ದರೂ ಸಾಕು, ಮೇವು ಪಾಸು. ಕೆಟ್ಟರೆ ಶೆಡ್ಡು ಟೊಮೆಟೊ ಕ್ರೇಟಿಗೆ.

ಆ ತಿಂಗಳು ಮಗಳು ಸರಿಯಾಗಿ ಉಣ್ಣಲಿಲ್ಲ. ನಾನು ಉಂಡೆ. ಯಾರಾದರೂ ಒಬ್ಬರು ಉಣ್ಣಬೇಕಲ್ಲ.

ತಿಂಗಳು ಮುಗಿದ ಮೇಲೆ ಸೆಕ್ರೆಟರಿ ಫೋನು ಮಾಡಿದರು. "ಸಾವ್ಕಾರ್ರೇ, ನನ್ನ ಸರ್ವೀಸಲ್ಲೇ ಇಂಥ ಹಾಲು ನೋಡಿಲ್ಲ. ಹತ್ತು ಮನೆಗೆ ಹತ್ತೂ ಮನೆ, ಗಟ್ಟಿ ಹಾಲು. ಫ್ಯಾಟು ಏರಿದೆ, ಡಿಗ್ರಿ ಏರಿದೆ. ಏನ್ರೀ ಹಾಕಿದ್ದೀರ ಅದರಲ್ಲಿ?"

ನನಗೆ ಸಂತೋಷವಾಯಿತು. ಮಗಳಿಗೆ ಆಗಲಿಲ್ಲ. ಸೆಕ್ರೆಟರಿ ಕಳಿಸಿದ ಪಟ್ಟಿಯನ್ನು ಮೂರು ಸಲ ನೋಡಿ, "ಅಪ್ಪ, ಇಷ್ಟು ಏರೋಕೆ ಸಾಧ್ಯವೇ ಇಲ್ಲ" ಅಂದಳು.

"ಪಾಸಾದ ಮೇಲೆ ಪೇಪರು ಇನ್ನೊಂದ್ಸಲ ತಿದ್ದಿ ಅಂತ ಯಾರಾದ್ರೂ ಕೇಳ್ತಾರೇನಮ್ಮಾ?"

ಕೇಳಲಿಲ್ಲ. ಆ ಹತ್ತು ಮನೆ ನೋಡಲು ಹೊರಟೇಬಿಟ್ಟಳು. ಹಿಂದೆ ನಾನೂ ಹೋದೆ. ಮೊದಲನೆಯದು ಆ ಅಜ್ಜಿಯ ಮನೆ. ಅಜ್ಜಿ ಜಗಲಿಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಬಾ ನಾಯ್ನಾ, ಕೂಕೋ. ಊಟದ ಹೊತ್ತಿಗೆ ಸರಿಯಾಗಿ ಬಂದಿದೀರ."

ಬೇಡ ಅಂದರೂ ಬಿಡಲಿಲ್ಲ. ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟಳು. ಘಮಘಮ ಸಾರು. ಮಗಳು ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು. ನನಗೂ ಏನೋ ಪರಿಚಯದ ರುಚಿ ಅನ್ನಿಸಿತು. ಮರದಪುಡಿ, ಮಾವಿನಕಾಯಿ ಹುಳಿ. ಆದರೆ ಹುರಿದು, ಬೆಳ್ಳುಳ್ಳಿ ಬಿದ್ದು, ಬೇರೆಯೇ ಆಗಿತ್ತು.

"ಅಜ್ಜಿ" ಅಂದಳು ಮಗಳು, "ನಾವು ಕೊಟ್ಟ ಪುಡಿ ಹಸು ಚೆನ್ನಾಗಿ ತಿಂತಾ?"

"ಯಾವ ಹಸು?"

"ನಿಮ್ಮ ಹಸು."

"ಅಯ್ಯೋ ನಮ್ಮವ್ವ, ಅಂಥದ್ದನ್ನ ದನಕ್ಕೆ ಹಾಕ್ತಾರಾ? ನಿಮ್ಮಪ್ಪನೇ ಎಲ್ಲರ ಮುಂದೆ ತಿಂದು ತೋರಿಸ್ಲಿಲ್ವಾ, ಅಣಬೆ ಸಾರಿನ ರುಚಿ ಅಂತ? ದನಕ್ಕೆ ಹುಲ್ಲಿದೆ, ಬೂಸಾ ಇದೆ. ಸೊಸೆ ದಿನಾ ಅವರೇಕಾಳು, ಹುರುಳಿಕಾಳು ಅಂತ ಒಂದೇ ಹಾಡು. ನಾನು ಇದನ್ನ ಹುರಿದು ಸಾರು ಮಾಡಿದೆ. ಹುಡುಗ್ರು ಕೋಳಿ ಬಾಡೂ ಬೇಡ, ಇದೇ ಮಾಡು ಅಂತಾವೆ. ಮಾಲೂರಲ್ಲಿರೋ ಮಗಳಿಗೂ ಒಂದು ಡಬ್ಬ ಕಳಿಸಿದೀನಿ."

ಮಗಳು ತಟ್ಟೆ ಪಕ್ಕಕ್ಕಿಟ್ಟಳು. "ಹೊಟ್ಟೆಗೆ ಏನಾದ್ರೂ ಆಯ್ತಾ ಅಜ್ಜಿ?"

"ಏನೂ ಆಗಿಲ್ಲ ತಾಯಿ. ಉಪ್ಪು ಸ್ವಲ್ಪ ಜಾಸ್ತಿ ಹಿಡಿಸ್ತದೆ, ಅಷ್ಟೇ."

"ಮಿಕ್ಕ ಒಂಬತ್ತು ಮನೆಯವರು?" ಅಂದೆ ನಾನು.

"ಅವರಿಗೆಲ್ಲಾ ಸಾರು ಮಾಡೋದು ಹೇಳಿಕೊಟ್ಟೋಳೇ ನಾನು."

ಹತ್ತು ಮನೆ, ಹತ್ತು ಮೂಟೆ. ಒಂದು ಹಿಡಿಯೂ ಹಸುವಿನ ಬಾಯಿಗೆ ಹೋಗಿರಲಿಲ್ಲ. ನಾನು ಮುದ್ದೆ ನುಂಗಿ ಸುಧಾರಿಸಿಕೊಂಡು ಕೇಳಿದೆ. "ಹಂಗಾದ್ರೆ ಅಜ್ಜಿ, ಹಾಲು ಅಷ್ಟು ಗಟ್ಟಿ ಹೆಂಗಾಯ್ತು?"

ಅಜ್ಜಿ ನನ್ನನ್ನು ನೋಡಿದಳು. ಆಮೇಲೆ ಕೊಟ್ಟಿಗೆಯ ಮೂಲೆಯಲ್ಲಿದ್ದ ನೀರಿನ ಕೊಳಗವನ್ನು ನೋಡಿದಳು.

"ದಿನಾ ಬೆಳಿಗ್ಗೆ ನಮ್ಮ ಹಾಲೇ ಬೇರೆ ತೆಗೆದು ಮೆಷಿನ್ನಿಗೆ ಹಾಕ್ತೀವಿ ಅಂದ್ರೆ, ನೀರು ಹಾಕೋಕೆ ನಮಗೇನು ಹುಚ್ಚಾ ನಾಯ್ನಾ?"

ಡೈರಿಯ ಕಡೆ ನಡೆಯುವಾಗ ಮಗಳಿಗೆ ನನಗೆ ತಿಳಿದಷ್ಟು ಬುದ್ಧಿ ಹೇಳಿದೆ. ವರದಿ ಬಂದಾಗಿದೆ, ಯಾರಿಗೂ ನಷ್ಟವಾಗಿಲ್ಲ, ಸುಮ್ಮನಿರು ಅಂದೆ. ಅವಳು ಸುಮ್ಮನಿರಲಿಲ್ಲ. ಸೆಕ್ರೆಟರಿಯ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಬಾಗಿಲಲ್ಲಿ ನಿಂತು, ಕ್ರೇಟಿನವನಿಗೆ ಶೆಡ್ಡಿನ ಬೀಗ ಯಾವತ್ತು ಕೊಡುವುದು ಅಂತ ಯೋಚಿಸುತ್ತಿದ್ದೆ.

ಸೆಕ್ರೆಟರಿ ಎಲ್ಲಾ ಕೇಳಿಸಿಕೊಂಡು, ಜೇಬಿನ ಗಾಜಿನ ಕಡ್ಡಿ ತೆಗೆದು ಮೇಜಿನ ಮೇಲಿಟ್ಟರು.

"ಕೂತ್ಕೊಳ್ಳಮ್ಮ. ಆ ಹತ್ತು ಮನೆ ಹಾಲಲ್ಲಿ ನೀರು ನಿಲ್ಲಿಸೋಕೆ ನಾನು ಹತ್ತು ವರ್ಷದಿಂದ ಹೆಣಗಿದೀನಿ. ಬೈದೆ, ಬೋರ್ಡು ಹಾಕಿದೆ, ದೇವರ ಆಣೆ ಇಡಿಸಿದೆ. ಆಗ್ಲಿಲ್ಲ. ನಿನ್ನ ಮೂಟೆ ಹೋಯ್ತು, ನೀರು ನಿಂತು ಹೋಯ್ತು. ಅದನ್ನ ಹಸು ತಿಂದ್ರೇನು, ಯಜಮಾನಿ ತಿಂದ್ರೇನು? ಇಡೀ ಊರಿಗೆ ಕಳಿಸು."

ಮಗಳು ಒಪ್ಪಲಿಲ್ಲ. ಇನ್ನೊಂದು ತಿಂಗಳು ಬೇಕು ಅಂದಳು. ಈ ಸಲ ಪುಡಿಯನ್ನು ಶೆಡ್ಡಿನಲ್ಲೇ ಬೂಸಾಕ್ಕೆ ಬೆರೆಸಿದಳು, ಯಾರೂ ಸಾರು ಮಾಡದ ಹಾಗೆ. ಬೆಳಿಗ್ಗೆ ಐದಕ್ಕೆ ಎದ್ದು, ಹತ್ತು ಕೊಟ್ಟಿಗೆಗೂ ತಾನೇ ಹೋಗಿ, ಹಸುಗಳು ತಿಂದು ಮುಗಿಸುವವರೆಗೆ ನಿಂತಳು. ಹಾಲು ಬಂತು. ಅದ್ಭುತವೇನಿಲ್ಲ, ಹಿಂಡಿ ಹಾಕಿದಾಗ ಎಷ್ಟು ಬರುತ್ತಿತ್ತೋ ಅಷ್ಟೇ. ಮೊದಲಿನಿಂದ ಅವಳು ಹೇಳಿದ್ದೂ ಅಷ್ಟೇ. ಸೆಕ್ರೆಟರಿ ಊರಿಗೆಲ್ಲಾ ಬೇಕು ಅಂತ ಬರೆದುಕೊಟ್ಟರು. ಕ್ರೇಟಿನ ಮನುಷ್ಯ ಬಂದಾಗ ಮಗಳೇ ಎದ್ದು ಹೋಗಿ ಅವನಿಗೆ ಕಾಫಿ ತಂದುಕೊಟ್ಟಳು. ಅವನು ಕುಡಿದು, ಟೇಪು ಸುತ್ತಿಕೊಂಡು ಹೋದ.

ಇನ್ನೊಮ್ಮೆ ಯಡವಟ್ಟು ಆಗಬಾರದು ಅಂತ, ಈಗ ಪ್ರತಿ ಮೂಟೆಯ ಮೇಲೂ ದಪ್ಪ ಕೆಂಪು ಅಕ್ಷರದಲ್ಲಿ 'ಹಸುಗಳಿಗೆ ಮಾತ್ರ' ಅಂತ ಅಚ್ಚು ಹಾಕಿಸಿದ್ದಾಳೆ. ಹೊಸ ಅಚ್ಚಿನ ಮೊದಲ ಲಾರಿ ಆ ಊರಿಗೆ ಹೋದ ದಿನ ನಾನೂ ಹೋಗಿದ್ದೆ. ಅಜ್ಜಿ ಮೊಮ್ಮಗಳ ಕೈಯಲ್ಲಿ ಮೂಟೆಯ ಮೇಲಿನದನ್ನು ಓದಿಸಿದಳು. ಎರಡು ಸಲ ಓದಿಸಿದಳು. ಆಮೇಲೆ ಲಾರಿಯ ಹಿಂದಕ್ಕೆ ಹೋಗಿ, ಒಳಗೆಲ್ಲಾ ಇಣುಕಿ ನೋಡಿ, ನನ್ನ ಹತ್ತಿರ ಬಂದಳು.

"ಇವೆಲ್ಲಾ ಹಸುಗಳದ್ದು, ಸರಿ. ನಮ್ಮದು ಯಾವ ಮೂಟೆ ನಾಯ್ನಾ?"